ತಾತನ ನಗೆ, ಉತ್ತಂಗಿಯವರ ಸರ್ವಜ್ಞ

ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ತಾತ ಸತ್ಯವೇದದಿಂದ ಒಂದು ಅಧ್ಯಾಯ ಓದುತ್ತಿದ್ದರು. ಕಣ್ಣು ಮುಚ್ಚಿ ಪ್ರಾರ್ಥಿಸಿ, ಎಲ್ಲರೂ ಆಮೆನ್ ಎಂದ ಮೇಲೆ ಗೋಡೆಗೂಡಿನಿಂದ ಇನ್ನೊಂದು ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಿದ್ದರು. ಅದು ಸರ್ವಜ್ಞನ ವಚನಗಳ ಸಂಗ್ರಹ. ಒಂದೋ ಎರಡೋ ತ್ರಿಪದಿ ಓದಿ, ಅದರಲ್ಲಿ ಬರುವ ಲೋಭಿಯೋ ಡಂಭಾಚಾರಿಯೋ ನಮ್ಮ ಬೀದಿಯಲ್ಲಿ ಯಾರಿರಬಹುದೆಂದು ಮೊಮ್ಮಕ್ಕಳನ್ನು ಕೇಳುತ್ತಿದ್ದರು. ನಾವು ಹೆಸರು ಹೇಳುವ ಮೊದಲೇ ಅಜ್ಜಿ ಗದರುತ್ತಿದ್ದರು. ಹಾಗಾದರೆ ಅದು ತಾನೇ ಇರಬೇಕೆಂದು ತಾತ ಒಪ್ಪಿಕೊಂಡುಬಿಡುತ್ತಿದ್ದರು. ಆ ನಗೆಯ ನಡುವೆಯೇ ನಮಗೆ ಅನ್ನ ಬಡಿಸಲಾಗುತ್ತಿತ್ತು.

ತಾತ ಚಾಂಪಿಯನ್ ರೀಫ್ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಬಂಡೆಯೇ ಕಾವು ಉಗುಳುವ ಜಾಗ ಅದು. ನರಕದ ಅರ್ಧ ದಾರಿಯವರೆಗೆ ದಿನವೂ ಹೋಗಿ ಸಂಬಳ ತರುವ ಜನಕ್ಕೆ ನರಕದ ಭಯ ಹುಟ್ಟಿಸಲು ಉಪದೇಶಕರು ವೃಥಾ ಶ್ರಮಪಡುತ್ತಾರೆ ಎಂಬುದು ಅವರ ಅಚ್ಚುಮೆಚ್ಚಿನ ಚಟಾಕಿ. ಇಡೀ ಲೋಕಕ್ಕೆ ಚಿನ್ನ ಕೊಟ್ಟ ಊರಿನಲ್ಲಿ ನಮ್ಮ ಮನೆಯ ಚಿನ್ನವೆಂದರೆ ಅಜ್ಜಿಯ ಮದುವೆಯುಂಗುರ ಒಂದೇ, ಅದನ್ನೂ ಬಂಗಾರಪೇಟೆಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ಎನ್ನುತ್ತಿದ್ದರು.

ಒಮ್ಮೆ ಮನೆಗೆ ಬಂದಿದ್ದ ಸಭಾಪಾಲಕರೊಬ್ಬರು ಪ್ರಾರ್ಥನೆಯ ಬೆನ್ನಿಗೇ ಸರ್ವಜ್ಞನನ್ನು ಓದಿದ್ದಕ್ಕೆ ಮುಖ ಗಂಟಿಕ್ಕಿದರು. ಕ್ರೈಸ್ತರ ಮನೆಯಲ್ಲಿ ಇದೇಕೆ ಎಂದರು. ತಾತ ವಾದಕ್ಕಿಳಿಯಲಿಲ್ಲ. ಈ ವಚನಗಳನ್ನು ಹುಡುಕಿ, ಕೂಡಿಸಿ, ಅಚ್ಚು ಹಾಕಿಸಿದವರೂ ಒಬ್ಬ ಸಭಾಪಾಲಕರೇ ಎಂದಷ್ಟೇ ತಿಳಿಸಿ, ಇನ್ನೊಂದು ಲೋಟ ಕಾಫಿ ತರಿಸಿದರು. ಉತ್ತಂಗಿ ಚನ್ನಪ್ಪ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅಂದು.

ಉತ್ತಂಗಿಯವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಪೂರ್ವಜರ ಊರು ಹೂವಿನಹಡಗಲಿ ಸೀಮೆಯ ಉತ್ತಂಗಿ. ಲಿಂಗಾಯತ ಪರಂಪರೆಯಿಂದ ಕ್ರೈಸ್ತಮತಕ್ಕೆ ಬಂದ ಮನೆತನ. ಮತ ಬದಲಾದರೂ ಊರಿನ ಹೆಸರು ಉಳಿಯಿತು, ಚನ್ನಪ್ಪನೆಂಬ ಹೆಸರೂ ಉಳಿಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೈವಜ್ಞಾನ ಶಾಲೆಯಲ್ಲಿ ಓದಿ ಅವರು ಸಭಾಪಾಲಕರಾದರು. ಈ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದದ್ದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ ಇಬ್ಬರೂ ಅದೇ ಮಿಶನ್ನಿನವರು. ಆದರೆ ಅವರು ಕನ್ನಡವನ್ನು ಕಲಿತು ಪ್ರೀತಿಸಿದ ಪರದೇಶಿಗಳು. ಉತ್ತಂಗಿಯವರಿಗೆ ಅದು ತಾಯಿಯ ಮಾತು.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದಲೇ ಕಳುಹಿಸಿತು. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ದೇಶೀಯ ಪಾಲಕರ ಹೆಗಲ ಮೇಲಿನ ಭಾರ ಹೆಚ್ಚಿದ ಕಾಲವದು. ಅಂಥ ಕಾಲದಲ್ಲಿ, ಹಳ್ಳಿಹಳ್ಳಿ ತಿರುಗುವ ಪಾಲಕನ ಕೆಲಸದ ನಡುವೆಯೇ, ಉತ್ತಂಗಿಯವರು ಇನ್ನೊಂದು ಸೇವೆಯನ್ನು ತಲೆಗೆ ಹಚ್ಚಿಕೊಂಡರು. ಸರ್ವಜ್ಞನ ತ್ರಿಪದಿಗಳು ಆಗ ನಾಡಿನ ತುಂಬ ಚದುರಿದ್ದವು. ಒಂದಷ್ಟು ಹಸ್ತಪ್ರತಿಗಳಲ್ಲಿ, ಮತ್ತಷ್ಟು ಜನರ ಬಾಯಲ್ಲಿ. ಒಂದೇ ತ್ರಿಪದಿಗೆ ಊರಿಗೊಂದು ಪಾಠ. ಸರ್ವಜ್ಞನ ಅಂಕಿತ ಹೊತ್ತು ಬಂದದ್ದೆಲ್ಲ ಅವನದೇ ಎಂದು ನಂಬುವಂತೆಯೂ ಇರಲಿಲ್ಲ. ಅವನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ವಿಷಯವಾರು ವಿಂಗಡಿಸಿ 1924ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಸುಮಾರು 2,000 ವಚನಗಳಿದ್ದವು. ಶಾಲೆಯ ಪಠ್ಯದಲ್ಲಿ ಸರ್ವಜ್ಞನನ್ನು ಓದಿ ಬೆಳೆದ ನಾವೆಲ್ಲರೂ, ಅರಿತೋ ಅರಿಯದೆಯೋ, ಈ ಪರಿಶ್ರಮದ ಋಣದಲ್ಲಿದ್ದೇವೆ.

ಸರ್ವಜ್ಞನಾದರೂ ಎಂಥವನು? ಮಠವಿಲ್ಲ, ಮನೆಯಿಲ್ಲ, ಕೈಯಲ್ಲೊಂದು ಭಿಕ್ಷಾಪಾತ್ರೆ. ಜಾತಿಯ ಗರ್ವವನ್ನೂ ಪೂಜೆಯ ಆಡಂಬರವನ್ನೂ ನಗುತ್ತಲೇ ಬಯಲಿಗೆಳೆದವನು. ಅವನನ್ನು ಒಬ್ಬ ಪಾದ್ರಿ ಏಕೆ ಮೆಚ್ಚಿದರು ಎಂಬುದಕ್ಕೆ ನಮ್ಮ ತಾತನ ಬಳಿ ಸಿದ್ಧ ಉತ್ತರವಿತ್ತು. ಸತ್ಯವೇದದಲ್ಲಿ ಜ್ಞಾನೋಕ್ತಿಗಳಿಗೆ ಹೆಸರಾದ ಸೊಲೊಮೋನನಿಗೂ ಸರ್ವಜ್ಞನಿಗೂ ಹೇಳುವ ಮಾತಿನಲ್ಲಿ ಬಹಳ ಅಂತರವಿಲ್ಲ. ಸೊಲೊಮೋನನಿಗೆ ಸಿಂಹಾಸನವಿತ್ತು, ಸರ್ವಜ್ಞನಿಗೆ ಹಸಿವಿತ್ತು. ಆದ್ದರಿಂದ ಅನ್ನದ ವಿಷಯ ಬಂದಾಗ ಮಾತ್ರ ತಾನು ಸರ್ವಜ್ಞನನ್ನೇ ನಂಬುವುದಾಗಿ ಅವರು ಹೇಳುತ್ತಿದ್ದರು.

ಉತ್ತಂಗಿಯವರು ಅಲ್ಲಿಗೇ ನಿಲ್ಲಲಿಲ್ಲ. ವಚನಕಾರರಾದ ಮೋಳಿಗೆಯ ಮಾರಯ್ಯ, ಸಿದ್ಧರಾಮರ ಸಾಹಿತ್ಯದ ಸಂಪಾದನೆಗೆ ದುಡಿದರು. ಅನುಭವ ಮಂಟಪ ಚರಿತ್ರೆಯೋ ಕಲ್ಪನೆಯೋ ಎಂಬ ವಿವಾದದಲ್ಲಿ, ಅದು ಚರಿತ್ರೆಯೇ ಎಂದು ಪುಸ್ತಕ ಬರೆದು ವಾದಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಅವರ ಇನ್ನೊಂದು ಕೃತಿ. ಆ ಹೆಸರಿನಲ್ಲೇ ಅವರ ಮನೋಧರ್ಮ ಕಾಣುತ್ತದೆ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುವುದಿಲ್ಲ, ವಿನಂತಿಸಿಕೊಳ್ಳುತ್ತದೆ. ಕ್ರಿಸ್ತನಲ್ಲಿ ಅವರಿಟ್ಟ ನಂಬಿಕೆ ಕಡೆಯವರೆಗೂ ಅಲುಗಲಿಲ್ಲ. ಶರಣರಲ್ಲಿ ಇಟ್ಟ ಗೌರವಕ್ಕೆ ಆ ನಂಬಿಕೆ ಅಡ್ಡಿಯೂ ಆಗಲಿಲ್ಲ.

1949ರಲ್ಲಿ ಗುಲ್ಬರ್ಗದಲ್ಲಿ ನಡೆದ 32ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ನಿಜಾಮರ ಆಳ್ವಿಕೆ ಹಿಂದಿನ ವರ್ಷವಷ್ಟೇ ಕೊನೆಗೊಂಡು, ಮತದ ಹೆಸರಿನಲ್ಲಾದ ಗಾಯಗಳು ಇನ್ನೂ ಹಸಿಯಾಗಿದ್ದ ನೆಲವದು. ಅಲ್ಲಿ ಕನ್ನಡಿಗರು ತಮ್ಮ ನುಡಿಹಬ್ಬದ ಪೀಠದಲ್ಲಿ ಒಬ್ಬ ಕ್ರೈಸ್ತ ಪಾಲಕರನ್ನು ಕೂರಿಸಿದರು. ಆ ಪೀಠವನ್ನೇರಿದವರು ತಮಗೆ ತಾವೇ ಇಟ್ಟುಕೊಂಡಿದ್ದ ಹೆಸರು ‘ತಿರುಳ್ಗನ್ನಡದ ತಿರುಕ’. ಸರ್ವಜ್ಞನ ಜೋಳಿಗೆಯನ್ನು ತಾವೇ ಹೆಗಲಿಗೆ ಹಾಕಿಕೊಂಡಂತೆ! ಈ ಹೆಸರನ್ನು ನೆನೆದಾಗಲೆಲ್ಲ ತಾತ ಚಪ್ಪಾಳೆ ತಟ್ಟುತ್ತಿದ್ದರು. ಬಿರುದು ಕೊಡುವವರಿಗೆ ಕಾಯದೆ ತಾನೇ ಭಿಕ್ಷುಕನೆಂದು ಸಾರಿಕೊಂಡವನಿಂದ ಯಾರೂ ಏನನ್ನೂ ಕಸಿಯಲಾರರು ಎಂಬುದು ಅವರ ತರ್ಕ. 1962ರ ಆಗಸ್ಟ್ 28ರಂದು ಉತ್ತಂಗಿಯವರು ತೀರಿಕೊಂಡರು.

ತಾತ ನಗದ ದಿನಗಳೂ ಇದ್ದವು. ನೆಲದಾಳದಲ್ಲಿ ಬಂಡೆ ಸಿಡಿದರೆ ಆಂಡರ್ಸನ್‌ಪೇಟೆಯ ಮನೆಗಳಲ್ಲಿ ಪಾತ್ರೆಗಳು ಅದುರುತ್ತಿದ್ದವು. ಕೆಳಗಿಳಿದವರ ಬಿಲ್ಲೆಗಳ ಲೆಕ್ಕ ಟೈಮ್ ಆಫೀಸಿನಲ್ಲಿರುತ್ತಿತ್ತು. ಪಾಳಿ ಮುಗಿದ ಮೇಲೆ ಯಾರ ಬಿಲ್ಲೆ ಮರಳಿಲ್ಲವೆಂಬುದು ಆ ಮನೆಯವರಿಗಿಂತ ಮೊದಲು ತಾತನಿಗೆ ಗೊತ್ತಾಗುತ್ತಿತ್ತು. ಅಂದು ರಾತ್ರಿ ಅವರು ಕೀರ್ತನೆಯೊಂದನ್ನು ಓದಿ, ಸರ್ವಜ್ಞನನ್ನು ತೆರೆದು, ಏನೂ ಓದದೆ ಮುಚ್ಚಿಡುತ್ತಿದ್ದರು. ಮಾರನೆಯ ದಿನ ಸತ್ತವರ ಮನೆಗೆ ಹೋಗುತ್ತಿದ್ದರು. ಆ ಮನೆ ತಮಿಳರದೋ ತೆಲುಗರದೋ, ಚರ್ಚಿನದೋ ಗುಡಿಯದೋ ಎಂದು ಕೇಳಿದವರಲ್ಲ. ವಾರ ಕಳೆಯುವಷ್ಟರಲ್ಲಿ ಆ ಮನೆಯ ಮಕ್ಕಳನ್ನು ನಗಿಸಿ ಬಂದಿದ್ದರೆಂಬ ಸುದ್ದಿ ನಮಗೆ ಬರುತ್ತಿತ್ತು. ಅವರ ಹಾಸ್ಯ ದುಃಖವನ್ನು ಅರಿತವರ ಹಾಸ್ಯವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ ತಾತ ಇರಲಿಲ್ಲ. ಊರಿನ ನೂರಾರು ಜನರಂತೆ ನಾನೂ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನಾದೆ. ಕೊನೆಗೆ ಬೆಂಗಳೂರಿನವನೇ ಆದೆ. ಇಲ್ಲಿ ನನ್ನ ಹೆಸರು ಕೇಳಿದ ಮೇಲೆ, ನಿಮ್ಮ ಕನ್ನಡ ತುಂಬ ಚೆನ್ನಾಗಿದೆ ಎಂದು ಮೆಚ್ಚುವವರು ಆಗಾಗ ಸಿಗುತ್ತಾರೆ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಆದರೂ ಸ್ವಂತ ಮನೆಯೊಳಗೆ ಅತಿಥಿಯಾದಂಥ ಮುಜುಗರವಾಗುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಅಂದು ಮುಖ ಗಂಟಿಕ್ಕಿದ ಸಭಾಪಾಲಕರು ಒಂದು ಕಡೆಯಿಂದ ಹಾಕಿದ ಬೇಲಿಯನ್ನು ಇವರು ಇನ್ನೊಂದು ಕಡೆಯಿಂದ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಈಗ ಸಿಟ್ಟಾಗುವುದಿಲ್ಲ. ತಾತನ ಆ ಪುಸ್ತಕ ನನ್ನ ಬಳಿಯೇ ಇದೆ. ರಟ್ಟು ಕಿತ್ತಿದೆ, ಅಂಚುಗಳಲ್ಲಿ ಅವರ ಪೆನ್ಸಿಲ್ ಗುರುತುಗಳಿವೆ. ಹಾಗೆ ಮೆಚ್ಚಿದವರನ್ನು ಮನೆಗೆ ಕರೆದು, ಪುಸ್ತಕವನ್ನು ಅವರ ಕೈಗಿತ್ತು, ಸಂಪಾದಕರ ಹೆಸರನ್ನು ತೋರಿಸುತ್ತೇನೆ. ಆಮೇಲೆ, ತಾತ ಮಾಡಿದಂತೆಯೇ, ಇನ್ನೊಂದು ಲೋಟ ಕಾಫಿ ತರಿಸುತ್ತೇನೆ.