ಸೈನಿಕರ ಪ್ರಾಣ ಲೆಕ್ಕ ಹಾಕಿದ ಎಂಜಿನಿಯರ್

ಸೇನಾ ಎಂಜಿನಿಯರಿಂಗ್‌ನಲ್ಲಿ ಜಗತ್ತು ಕಂಡ ಅತಿ ದೊಡ್ಡ ಸಾಧನೆ ಯಾವುದು? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಮಗೆ ಕೊಟ್ಟಿದ್ದ ವಿಷಯವಿದು. ಒಬ್ಬ ಚೀನಾದ ಮಹಾಗೋಡೆ ಎಂದ. ಇನ್ನೊಬ್ಬಳು, ಸೀಸರ್‌ನ ಸೈನಿಕರು ರೈನ್ ನದಿಗೆ ಹತ್ತೇ ದಿನಗಳಲ್ಲಿ ಕಟ್ಟಿದ ಮರದ ಸೇತುವೆ ಎಂದಳು. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೂ ಮೈಸೂರಿನ ರಾಕೆಟ್‌ಗಳಿಗೂ ಜೋರು ಚಪ್ಪಾಳೆ ಬಿತ್ತು. ನಾನು ಆರಿಸಿಕೊಂಡದ್ದು ಯುದ್ಧ ಮುಗಿದ ಮೇಲೆ ಮುಚ್ಚಿಹೋಗುವ ಮಣ್ಣಿನ ಕಂದಕಗಳನ್ನು. ಅವುಗಳ ಹಿಂದಿದ್ದವನು ಫ್ರಾನ್ಸ್‌ನ ಸೆಬಾಸ್ಟಿಯನ್ ದ ವೊಬಾಂ.

ವೊಬಾಂ ಹುಟ್ಟಿದ್ದು 1633ರಲ್ಲಿ, ಬರ್ಗಂಡಿ ಪ್ರಾಂತ್ಯದ ಪುಟ್ಟ ಹಳ್ಳಿಯಲ್ಲಿ. ಮನೆತನಕ್ಕೆ ಹೆಸರಿತ್ತು, ಹಣವಿರಲಿಲ್ಲ. ಹದಿಹರೆಯದಲ್ಲೇ ಆತ ಸೇನೆ ಸೇರಿದ, ಅದೂ ರಾಜನ ವಿರುದ್ಧ ದಂಗೆ ಎದ್ದವರ ಸೇನೆ! 1653ರಲ್ಲಿ ಸೆರೆ ಸಿಕ್ಕ. ಅವನ ಬುದ್ಧಿವಂತಿಕೆ ಕಂಡ ಮುಖ್ಯಮಂತ್ರಿ ಮಜಾರಿನ್ ಶಿಕ್ಷಿಸುವ ಬದಲು ರಾಜನ ಕಡೆಗೆ ಸೆಳೆದುಕೊಂಡ. ಎರಡೇ ವರ್ಷಗಳಲ್ಲಿ ವೊಬಾಂ ರಾಜನ ಎಂಜಿನಿಯರ್ ಆದ.

ಆ ಕಾಲದಲ್ಲಿ ಕೋಟೆ ಹಿಡಿಯುವುದೆಂದರೆ ಸೈನಿಕರನ್ನು ಬಯಲಲ್ಲಿ ಗುಂಡಿನ ಮಳೆಗೆ ನುಗ್ಗಿಸುವುದೆಂದೇ ಅನೇಕ ಸೇನಾಪತಿಗಳು ತಿಳಿದಿದ್ದರು. 1673ರಲ್ಲಿ ಮಾಸ್ಟ್ರಿಕ್ಟ್ ಕೋಟೆಯ ಮುತ್ತಿಗೆಯಲ್ಲಿ ವೊಬಾಂ ಬೇರೆ ದಾರಿ ತೋರಿಸಿದ. ಮೊದಲು ಕೋಟೆಯಿಂದ ದೂರದಲ್ಲಿ, ಅದರ ಗೋಡೆಗೆ ಸಮಾನಾಂತರವಾಗಿ ಒಂದು ಕಂದಕ. ಅಲ್ಲಿಂದ ಅಂಕುಡೊಂಕಾಗಿ ಮುಂದಕ್ಕೆ ಅಗೆತ. ಅಂಕುಡೊಂಕಾಗಿದ್ದರಿಂದ ಕೋಟೆಯ ಗುಂಡು ಕಂದಕದ ಉದ್ದಕ್ಕೂ ಹಾಯುವಂತಿರಲಿಲ್ಲ. ಮುಂದೆ ಎರಡನೇ ಸಮಾನಾಂತರ ಕಂದಕ, ಆಮೇಲೆ ಮೂರನೆಯದು. ಸೈನಿಕರು ಮಣ್ಣಿನ ಮರೆಯಲ್ಲೇ ಗೋಡೆಯ ಬುಡ ತಲುಪುತ್ತಿದ್ದರು. ಅಗೆತ ಶುರುವಾಗಿ ಎರಡು ವಾರ ತುಂಬುವ ಮೊದಲೇ ಕೋಟೆ ಶರಣಾಯಿತು. ಅದೇ ಮುತ್ತಿಗೆಯಲ್ಲಿ ತೆರೆದ ಜಾಗದಲ್ಲಿ ನುಗ್ಗಿ ಸತ್ತವರಲ್ಲಿ ಒಬ್ಬ ದಾರ್ತಾನ್ಯಾನ್. 'ತ್ರೀ ಮಸ್ಕಿಟಿಯರ್ಸ್' ಕಾದಂಬರಿಯ ನಾಯಕನಿಗೆ ಮಾದರಿಯಾದವನು ಅವನೇ.

ಹಾಗೆಂದು ವೊಬಾಂ ಶಾಂತಿದೂತನೇನಲ್ಲ. 14ನೇ ಲೂಯಿಯ ಯುದ್ಧದಾಹಕ್ಕೆ ಅವನ ಜಾಣ್ಮೆಯೂ ನೆರವಾಯಿತು. ಎದುರಾಳಿ ತಂಡದವರು ಇದನ್ನೇ ಹಿಡಿದು ನನ್ನನ್ನು ಪ್ರಶ್ನಿಸಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದುದು ರಾಜ. ತನ್ನ ಕೈಯಲ್ಲಿದ್ದಷ್ಟರಲ್ಲಿ ವೊಬಾಂ ಸಾವು ಕಡಿಮೆ ಮಾಡಲು ನೋಡಿದ. ಅವಸರದ ದಾಳಿ ಬೇಡವೆಂದು ಸೇನಾಪತಿಗಳ ಜೊತೆ ವಾದಿಸಿದ. ಸ್ವತಃ ಕಂದಕಕ್ಕಿಳಿಯುತ್ತಿದ್ದ ಅವನ ಕೆನ್ನೆಯ ಮೇಲೆ ಗುಂಡಿನ ಗಾಯದ ಗುರುತಿತ್ತು.

ಕೆಲಸಕ್ಕಾಗಿ ದೇಶವಿಡೀ ಸುತ್ತಿದ ಆತ ಕೋಟೆಗಳನ್ನಷ್ಟೇ ನೋಡಲಿಲ್ಲ, ಹಸಿದ ರೈತರನ್ನೂ ಕಂಡ. ಧರ್ಮದ ಕಾರಣಕ್ಕೆ ದೇಶ ಬಿಟ್ಟು ಓಡಿದ ಪ್ರೊಟೆಸ್ಟಂಟರನ್ನು ವಾಪಸ್ ಕರೆಯಿರೆಂದು 1689ರಲ್ಲೇ ಬರೆದ. 1703ರಲ್ಲಿ ಮಾರ್ಷಲ್ ಪದವಿ ಬಂದ ಮೇಲೂ ಸುಮ್ಮನಾಗಲಿಲ್ಲ. ಶ್ರೀಮಂತರು, ಪಾದ್ರಿಗಳು ಸೇರಿ ಎಲ್ಲರೂ ಆದಾಯಕ್ಕೆ ತಕ್ಕಂತೆ, ಹತ್ತನೇ ಒಂದು ಪಾಲು ಮೀರದಂತೆ ತೆರಿಗೆ ಕಟ್ಟಬೇಕೆಂದು ಪುಸ್ತಕ ಬರೆದು 1707ರಲ್ಲಿ ಅಚ್ಚು ಹಾಕಿಸಿದ. ಸರ್ಕಾರ ಅದನ್ನು ನಿಷೇಧಿಸಿತು. ಅದೇ ಮಾರ್ಚ್ 30ರಂದು ಆತ ತೀರಿಕೊಂಡ. ಆ ತೆರಿಗೆ ವಿನಾಯಿತಿಗಳು ರದ್ದಾಗಲು 1789ರ ಕ್ರಾಂತಿಯೇ ಬೇಕಾಯಿತು.

2008ರಲ್ಲಿ ಯುನೆಸ್ಕೊ ಅವನ 12 ಕೋಟೆ ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಸಿವಿಲ್ ಎಂಜಿನಿಯರಿಂಗ್ ಓದಿ ಕೆಲಸ ಹುಡುಕುತ್ತಿರುವ ನನಗೆ ಮಾತ್ರ ಆ ಕಲ್ಲುಗಳಿಗಿಂತ ಅವನ ಕಂದಕಗಳೇ ದೊಡ್ಡದಾಗಿ ಕಾಣುತ್ತವೆ. ನಕ್ಷೆ ಬರೆಯುವಾಗ, ಅದರೊಳಗೆ ನಡೆಯಬೇಕಾದ ಮನುಷ್ಯನನ್ನೂ ಆತ ಲೆಕ್ಕಕ್ಕೆ ತೆಗೆದುಕೊಂಡಿದ್ದ. ನಾಳೆ ಸೇತುವೆಯೋ ಸಾಫ್ಟ್‌ವೇರೋ ಕಟ್ಟಲಿರುವ ನಾವೂ ಆ ಲೆಕ್ಕ ಕಲಿಯೋಣ.