ಮಳೆಗಾಗಿ ಕೈಯೆತ್ತಿದ ದೊರೆ ಅಹ್ಮದ್ ಶಾಹ್ ವಲಿ

ಬೇಸಿಗೆಯಲ್ಲಿ ಬತ್ತಿದ ಹಳ್ಳದ ಮರಳು ತೋಡಿ, ಒರತೆಯ ನೀರನ್ನು ಚರಿಗೆಯಿಂದ ಕೊಡಕ್ಕೆ ತುಂಬಿಕೊಂಡ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅನಂತಪುರ, ಅಥಣಿ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ಒಣಗಿದ ನೆಲದ ಅಡಿಯಲ್ಲಿ ಅಲ್ಲಾಹನು ತನ್ನ ದಾಸರಿಗಾಗಿ ನೀರನ್ನು ಕಾದಿರಿಸಿರುತ್ತಾನೆ. ಆ ನೀರಿನೊಂದಿಗೆ ನಂಟಿರುವ ನಮ್ಮ ನಾಡಿನ ದೊರೆಯೊಬ್ಬರ ಬದುಕನ್ನು ಸ್ವಲ್ಪ ನೋಡೋಣ.

ಅಹ್ಮದ್ ಶಾಹ್ ಬಹಮನಿ ಅವರು ಸುಲ್ತಾನ್ ಫಿರೋಜ್ ಶಾಹರ ತಮ್ಮ. ತನ್ನ ಬಳಿಕ ಮಗನೇ ಆಳಬೇಕೆಂಬುದು ಅಣ್ಣನ ಆಸೆಯಾಗಿತ್ತು. ಗುಲ್ಬರ್ಗಾದ ಹಝ್ರತ್ ಖ್ವಾಜಾ ಬಂದೇ ನವಾಝರ ಒಲವು ತಮ್ಮನ ಕಡೆಗಿತ್ತು. ಅಣ್ಣ ತಮ್ಮಂದಿರ ನಡುವೆ ಕತ್ತಿ ಎದ್ದಿತು. ಕೊನೆಗೆ 1422ರಲ್ಲಿ ಅಹ್ಮದ್ ಶಾಹ್ ಸಿಂಹಾಸನವೇರಿದರು. ಸೋತ ಅಣ್ಣನ ಮಗನನ್ನು ಅವರು ಕೊಲ್ಲಲಿಲ್ಲ, ಫಿರೋಜಾಬಾದಿನಲ್ಲಿ ಗೌರವದಿಂದ ಬಾಳಲು ಬಿಟ್ಟರು. ಆ ಕಾಲದ ಅರಮನೆಗಳಲ್ಲಿ ಇದು ಅಪರೂಪದ ನಡತೆ.

ಹಾಗೆಂದು ಅವರ ಬದುಕಿನ ಎಲ್ಲ ಪುಟಗಳೂ ಬೆಳ್ಳಗಿವೆಯೆಂದು ತಿಳಿಯಬೇಡಿ. ವಿಜಯನಗರದ ಮೇಲಿನ ದಂಡಯಾತ್ರೆಯಲ್ಲಿ ಅವರ ಸೈನ್ಯ ಹಳ್ಳಿಗರ ಮೇಲೆ ನಡೆಸಿದ ಹಿಂಸೆಯನ್ನು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾರೆ. ನಿರಪರಾಧಿಗಳ ರಕ್ತವನ್ನು ಇಸ್ಲಾಮ್ ಯಾವ ದೊರೆಗೂ ಹಲಾಲ್ ಮಾಡಿಲ್ಲ. ಅದನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲ.

ಅವರ ಆಳ್ವಿಕೆಯ ಆರಂಭದ ವರ್ಷಗಳಲ್ಲೇ ದಖ್ಖನಿಗೆ ಭೀಕರ ಬರ ಬಂತು. ಸುಲ್ತಾನರು ಸರಕಾರಿ ಕಣಜಗಳ ಬಾಗಿಲು ತೆರೆಸಿ ಬಡವರಿಗೆ ಧಾನ್ಯ ಹಂಚಿಸಿದರು. ಮರುವರ್ಷವೂ ಮಳೆ ಕೈಕೊಟ್ಟಿತು. ಆಗ ಅವರು ಎತ್ತರದ ಜಾಗವೊಂದಕ್ಕೆ ಹೋಗಿ, ನೆಲಕ್ಕೆ ಹಣೆಯೊತ್ತಿ, ಮಳೆಗಾಗಿ ಅಂಗಲಾಚಿದರು. ಮೋಡ ಕವಿದು ಮಳೆ ಸುರಿಯಿತೆಂದೂ ಜನರು ಅವರನ್ನು ಅಂದಿನಿಂದ ವಲಿ ಎಂದು ಕರೆದರೆಂದೂ ಫಿರಿಶ್ತಾ ಬರೆಯುತ್ತಾರೆ. ಇಲ್ಲಿಯ ಅನುಕ್ರಮವನ್ನು ಗಮನಿಸಿ. ಮೊದಲು ಹಸಿದವರಿಗೆ ಕಣಜ ತೆರೆಯಿತು, ಆಮೇಲೆ ಆಕಾಶದೆಡೆಗೆ ಕೈ ಎದ್ದಿತು.

ಮುಂದೆ ಅಹ್ಮದ್ ಶಾಹ್ ರಾಜಧಾನಿಯನ್ನು ಗುಲ್ಬರ್ಗಾದಿಂದ ಬೀದರಿಗೆ ಸಾಗಿಸಿದರು. ಅಲ್ಲಿಯ ಕೋಟೆ 1432ರ ಹೊತ್ತಿಗೆ ಸಿದ್ಧವಾಯಿತು. ಇರಾನಿನ ಕಿರ್ಮಾನ್ ಬಳಿಯ ಮಾಹಾನಿನಲ್ಲಿದ್ದ ಸೂಫಿ ಶಾಹ್ ನಿಅಮತುಲ್ಲಾಹ್ ವಲಿಯವರಿಗೆ ಅವರು ಆಮಂತ್ರಣ ಕಳುಹಿಸಿದರು. ಅವರು ತಾವು ಬರದೆ ಮೊಮ್ಮಗ ನೂರುಲ್ಲಾಹರನ್ನು ಕಳಿಸಿಕೊಟ್ಟರು. ಕಿರ್ಮಾನ್ ಮರುಭೂಮಿಯ ಸೀಮೆ. ಬೆಟ್ಟಗಳಿಂದ ಇಳಿಯುವ ತೊರೆಗಳು ವರ್ಷದ ಬಹುಕಾಲ ಬತ್ತಿರುತ್ತವೆ. ನೀರು ಜಲ್ಲಿ, ಮರಳುಗಳೊಳಗೆ ಇಂಗಿ ಅಡಿಯಲ್ಲಿ ನಿಂತಿರುತ್ತದೆ. ಅದನ್ನು ಮೇಲೆ ತರುವ ಉಪಾಯವೇ ಕನಾತ್ ಅಥವಾ ಕಾರೇಜ್.

ಇದರ ರೀತಿ ಸರಳ. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ತಾಯಿ ಬಾವಿಯೊಂದನ್ನು ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ತುಸುವೇ ಇಳಿಜಾರಿನ ಸುರಂಗ ಕೊರೆಯುತ್ತಾರೆ. ಮಣ್ಣು ಹೊರಹಾಕಲು, ಗಾಳಿಯಾಡಲು ನಡುನಡುವೆ ಬಾವಿಗಳಿರುತ್ತವೆ. ಎತ್ತು, ಹಗ್ಗಗಳ ಹಂಗಿಲ್ಲದೆ ನೀರು ತಾನೇ ಹರಿದು ಬರುತ್ತದೆ. ನೆಲದ ಅಡಿಯಲ್ಲಿ ಸಾಗುವುದರಿಂದ ಬಿಸಿಲಿಗೆ ಆರಿಹೋಗುವುದೂ ಕಡಿಮೆ.

ಬಹಮನಿಗಳ ಕಾಲದಲ್ಲಿ ಈ ವಿದ್ಯೆ ಬೀದರಿಗೆ ಬಂತು. ಅಲ್ಲಿ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಮಳೆನೀರು ಅದರ ರಂಧ್ರಗಳಲ್ಲಿ ಇಳಿದು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ನೌಬಾದಿನ ಸುರಂಗ ಎರಡು ಕಿಲೋಮೀಟರಿಗೂ ಉದ್ದ, ಬಾವಿಗಳು ಇಪ್ಪತ್ತಕ್ಕೂ ಹೆಚ್ಚು. ಹೂಳು ತುಂಬಿ ಮರೆತುಹೋಗಿದ್ದ ಅದನ್ನು 2010ರ ದಶಕದಲ್ಲಿ ಶುಚಿಗೊಳಿಸಿದಾಗ ಒಳಗೆ ಮತ್ತೆ ನೀರು ಕಂಡಿತು.

1436ರಲ್ಲಿ ಅಹ್ಮದ್ ಶಾಹ್ ತೀರಿಕೊಂಡರು. ಬೀದರ್ ಸಮೀಪದ ಅಷ್ಟೂರಿನಲ್ಲಿ ಅವರ ಸಮಾಧಿಯಿದೆ. ಅಲ್ಲಿಯ ಉರುಸು ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ, ಲಿಂಗಾಯತ ಜಂಗಮರೂ ಅದರಲ್ಲಿ ಪಾಲ್ಗೊಳ್ಳುತ್ತಾರೆ. ಜನರ ನೆನಪಿನಲ್ಲಿ ದಂಡಯಾತ್ರೆಗಳು ಮಾಸಿದವು, ಮಳೆ ಬೇಡಿದ ದೊರೆ ಉಳಿದುಕೊಂಡರು.

ಓದುಗರೇ, ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಕಾರೇಜ್ ತಾನಾಗಿ ಜಿನುಗಿದಷ್ಟನ್ನೇ ತೆಗೆದುಕೊಳ್ಳುತ್ತದೆ. ನಮ್ಮ ಕೊಳವೆ ಬಾವಿ ಇಂಗಿದ್ದಕ್ಕಿಂತ ಹೆಚ್ಚನ್ನು ಎಳೆಯಬಲ್ಲದು. ಒಬ್ಬನು ಇನ್ನೂ ಆಳಕ್ಕೆ ಕೊರೆಸಿದರೆ ನೆರೆಯವನ ಬಾವಿ ಬತ್ತುತ್ತದೆ. ಅಗ್ರಾಣಿಯಂಥ ಹೊಳೆಗಳ ಮರಳನ್ನು ಬಳಿದೊಯ್ದರೆ ನೀರು ನಿಲ್ಲುವ ತಾವೇ ಇಲ್ಲವಾಗುತ್ತದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೆರೆಯವನ ಹಕ್ಕನ್ನೂ ಅವರೇ ಕಲಿಸಿದ್ದಾರೆ. ಮಳೆಗಾಗಿ ದುಆ ಮಾಡುವ ಮುನ್ನ ಮನೆಯ ಮಾಳಿಗೆಯ ನೀರನ್ನು ಬಾವಿಯ ಪಕ್ಕದ ಗುಂಡಿಗೆ ಇಳಿಸಿರಿ, ಸೋರುವ ನಳವನ್ನು ಸರಿಪಡಿಸಿರಿ, ನೀರಿಲ್ಲದ ನೆರೆಮನೆಗೆ ಒಂದು ಕೊಡ ಕೊಡಿರಿ. ಇಂಗಿದ ನೀರು ಯಾರದೋ ಮಕ್ಕಳ ದಾಹ ತಣಿಸುವವರೆಗೆ ಅದರ ಪುಣ್ಯ, ಇನ್ಶಾ ಅಲ್ಲಾಹ್, ನಿಮಗೆ ಸೇರುತ್ತಲೇ ಇರುತ್ತದೆ.