ಧಾರವಾಡದಲ್ಲಿ ಹುಟ್ಟಿದ ಬಾಳೂ

ನಮ್ಮ ಊರು ಚಿಕ್ಕಜಾಲ. ಬಳ್ಳಾರಿ ರಸ್ತೆಯ ಪಕ್ಕದ ಹಳೆಯ ಕಲ್ಲುಕೋಟೆಯ ಬಳಿ ಕ್ರಿಕೆಟ್ ಆಡಿ ಬೆಳೆದವನು ನಾನು. ಕಳೆದ ವರ್ಷ ಊರಿನ ಪಂದ್ಯಾವಳಿಯಲ್ಲಿ ಕರ್ನಾಟಕದ ಕ್ರೀಡಾವೀರರ ಚಿತ್ರಗಳನ್ನು ಕಟ್ಟಬೇಕೆಂದು ನಿಶ್ಚಯವಾಯಿತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಕೀರ್ತಿಶಾಲೆಗೆ 2015ರಲ್ಲಿ ಸೇರಿದ ಅನಿಲ್ ಕುಂಬ್ಳೆ, 2018ರಲ್ಲಿ ಸೇರಿದ ರಾಹುಲ್ ದ್ರಾವಿಡ್ ಇವರ ಚಿತ್ರಗಳು ಬಂದವು. ಪಲ್ವಂಕರ್ ಬಾಳೂ ಅವರ ಚಿತ್ರವೂ ಇರಲಿ ಎಂದೆ. ಯಾರವರು ಎಂದು ಎಲ್ಲರೂ ಕೇಳಿದರು. ಅಂದು ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಳೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ, ಚರ್ಮದ ಕೆಲಸದ ಕುಲ. ತಂದೆ ಪುಣೆಯಲ್ಲಿ ಸೈನ್ಯದ ನೌಕರಿಯಲ್ಲಿದ್ದರು. ಹುಡುಗನಾಗಿದ್ದಾಗ ಬಾಳೂ ಪುಣೆಯ ಪಾರಸಿ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುತ್ತಿದ್ದರು. ತಿಂಗಳ ಸಂಬಳ 3 ರೂಪಾಯಿ. ಅನಂತರ ಯುರೋಪಿಯನ್ನರ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಸೈನ್ಯಾಧಿಕಾರಿ ಗ್ರೇಗ್ ಮುಂತಾದವರ ಅಭ್ಯಾಸಕ್ಕೆ ಎಡಗೈಯಿಂದ ಸ್ಪಿನ್ ಚೆಂಡು ಎಸೆಯುತ್ತಾ ಪಳಗಿದರು. ಆದರೆ ಬ್ಯಾಟು ಹಿಡಿಯುವ ಅವಕಾಶ ಅವರಿಗೆ ಸಿಗಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಗೆಲ್ಲುವ ಆಸೆ ಇತ್ತು, ಬಾಳೂರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ವಿರಾಮದ ವೇಳೆಯಲ್ಲಿ ಮಾತ್ರ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹಾ, ಊಟಕ್ಕೆ ಬೇರೆ ಮೇಜು!

ಪ್ಲೇಗಿನ ಕಾಲದಲ್ಲಿ ಅವರು ಮುಂಬಯಿಗೆ ಹೋದರು. 1906ರಲ್ಲಿ ಅಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿತು. ಬಾಳೂ ಮತ್ತು ತಮ್ಮ ಶಿವರಾಮ್ ಇಬ್ಬರೂ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದ ತಂಡ ಇಂಗ್ಲೆಂಡಿಗೆ ಹೋಗಿ ಹೆಚ್ಚಾಗಿ ಸೋತಿತಾದರೂ ಬಾಳೂ ಒಬ್ಬರೇ 114 ವಿಕೆಟ್ ಗಳಿಸಿದರು. ಮರಳಿದಾಗ ಮುಂಬಯಿಯ ದಲಿತ ಜನ ಅವರನ್ನು ಸನ್ಮಾನಿಸಿದರು.

ಇಷ್ಟಾದರೂ ನಾಯಕತ್ವ ದೊರೆಯಲಿಲ್ಲ. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರು ಪ್ರತಿಭಟಿಸಿ ಹೊರಗುಳಿದರು. ಕಡೆಗೆ ಬಾಳೂ ಉಪನಾಯಕರಾದರು. 1923ರಲ್ಲಿ ತಮ್ಮ ವಿಠ್ಠಲ್ ನಾಯಕನಾದಾಗ ಅಣ್ಣನಿಗೆ ಮುಚ್ಚಿದ್ದ ಬಾಗಿಲು ತೆರೆಯಿತು.

ಒಂದು ಸಂಗತಿಯನ್ನು ಮುಚ್ಚಿಡಲಾರೆ. 1937ರ ಚುನಾವಣೆಯಲ್ಲಿ ಬಾಳೂ ಡಾ. ಅಂಬೇಡ್ಕರರ ವಿರುದ್ಧ ನಿಂತು ಸೋತರು. ಇದನ್ನು ಹೇಳಿದಾಗ, ಬಾಬಾಸಾಹೇಬರ ಪಟಕ್ಕೆ ದಿನವೂ ಕೈಮುಗಿಯುವ ನಮ್ಮ ತಾತ ಮುಖ ಗಂಟಿಕ್ಕಿದರು. ಆದರೆ ಮಣ್ಣಿನ ಕುಡಿಕೆಯ ಕಥೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ತಾವು ಹುಡುಗನಾಗಿದ್ದಾಗ ಹೋಟೆಲೊಂದರ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದುದನ್ನು ಹೇಳಿದರು. ಅದುವರೆಗೆ ಅವರು ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಾಳೂ 1955ರಲ್ಲಿ ತೀರಿಕೊಂಡರು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ಆಟದ ಕಾಲ ಮುಗಿದಿತ್ತು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದವರು ಅವರು. ಅವರು ಆಡಲು ಬಾರದೆ ಹೊರಗುಳಿದವರಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಇಲ್ಲಿ ಸಹಪಾಠಿಗಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಊಟ ಮಾಡುವಾಗ ಬಾಳೂರ ಆ ಬೇರೆ ಮೇಜು ನೆನಪಾಗುತ್ತದೆ. ಮಿತ್ರರೇ, ಈ ವರ್ಷ ನಮ್ಮೂರ ಪಂದ್ಯಾವಳಿಯಲ್ಲಿ ಅವರ ಚಿತ್ರವನ್ನೂ ಕಟ್ಟುತ್ತೇವೆ. ಅದನ್ನು ಕಟ್ಟಲು ಹಗ್ಗ ಹಿಡಿಯುವುದಾಗಿ ತಾತ ಒಪ್ಪಿದ್ದಾರೆ.